ಜಿಗಿತ ಕಾಣಲಿಲ್ಲ, ಸನ್ಮಾನ ಮಾತ್ರ ಕಂಡಿತು

(ರಂಗಂಪೇಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚಿನ ಪದಕ ಕೈತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಅಂದು ಹುಟ್ಟಿರದ ಮಕ್ಕಳೂ ಇದನ್ನು ಹೇಳಬಲ್ಲರು. ನಾಲ್ಕನೆಯ ಸ್ಥಾನವನ್ನೂ ಒಂದು ದೇಶ ಇಷ್ಟು ಪ್ರೀತಿಯಿಂದ ನೆನಪಿಟ್ಟುಕೊಳ್ಳಬಲ್ಲುದು. ಆದರೆ 2016ರ ರಿಯೋ ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್‌ನಲ್ಲಿ ನಾಲ್ಕನೆಯವರಾದ ಬೆಂಗಳೂರಿನ ಫರ್ಮಾನ್ ಬಾಷಾ ಅವರ ಹೆಸರು ಇಲ್ಲಿ ಎಷ್ಟು ಮಂದಿಗೆ ಗೊತ್ತು? ಪೋಲಿಯೊ ಪೀಡಿತರಾದ ಅವರು 2008ರಲ್ಲಿಯೇ ಅರ್ಜುನ ಪ್ರಶಸ್ತಿ ಪಡೆದವರು. ಗೊತ್ತಿಲ್ಲದಿರುವುದು ನಿಮ್ಮ ತಪ್ಪಲ್ಲ, ತೋರಿಸಬೇಕಾದವರು ತೋರಿಸಲಿಲ್ಲ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಹೆಸರನ್ನು ಕೆಲವರಾದರೂ ಕೇಳಿರಬಹುದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಅವರು ಬೆಳ್ಳಿ ಗೆದ್ದರು. ಭಾರತಕ್ಕೆ ಆ ಕೂಟದಲ್ಲಿ ದೊರೆತ ಏಕೈಕ ಪದಕವದು. ಫಿಜಿಯ ಇಲಿಯೇಸಾ ಡೆಲಾನಾ, ನಮ್ಮ ಗಿರೀಶ, ಪೋಲೆಂಡಿನ ಸ್ಪರ್ಧಿ, ಮೂವರೂ ಜಿಗಿದದ್ದು 1.74 ಮೀಟರ್! ಯಾರು ಕಡಿಮೆ ಬಾರಿ ವಿಫಲರಾದರೆಂಬ ಲೆಕ್ಕದಿಂದ ಪದಕಗಳು ಹಂಚಿಕೆಯಾದವು. ಇದಕ್ಕಿಂತ ರೋಚಕವಾದ ಸ್ಪರ್ಧೆ ಯಾವುದಿದ್ದೀತು? ನಮ್ಮ ಮನೆಗಳ ಟಿವಿ ಪರದೆಗೆ ಬಂದದ್ದು ಮಾತ್ರ ಹಾರ, ಶಾಲು, ತಾಯಿಯ ಕಣ್ಣೀರು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅದೇ ಲಂಡನ್ ಕೂಟವನ್ನು ಬ್ರಿಟನ್ನಿನ ಚಾನೆಲ್ 4 ನೂರೈವತ್ತು ಗಂಟೆಗೂ ಹೆಚ್ಚು ಕಾಲ ಪ್ರಸಾರ ಮಾಡಿದರೆ, ಶ್ರೀಮಂತ ಅಮೆರಿಕದ ಎನ್‌ಬಿಸಿ ಸುಮಾರು ಐದೂವರೆ ಗಂಟೆಗಳಲ್ಲಿ ಮುಗಿಸಿಬಿಟ್ಟಿತು. ಹಣದ ಕೊರತೆಯೆಂಬ ನೆಪ ಇಲ್ಲಿಗೇ ಬಿದ್ದುಹೋಗುತ್ತದೆ.

ನೋಡುವವರಿಲ್ಲ ಎನ್ನುತ್ತಾರೆ. ತೋರಿಸದೆ ನೋಡುವವರು ಎಲ್ಲಿಂದ ಬರುತ್ತಾರೆ? ಎಲ್‌ಬಿಡಬ್ಲ್ಯು ಎಂಬ ಜಟಿಲ ನಿಯಮವನ್ನು ಟಿವಿ ನಮ್ಮ ನಾನಿ, ದಾದಿಯರಿಗೂ ಕಲಿಸಿದೆ. ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳಿರುತ್ತವೆ, ಬೌಲರ್ ‘ಪ್ಲೇ’ ಎಂದು ಕೂಗಿ ನೆಲಕ್ಕೆ ತಾಗುವಂತೆ ಎಸೆಯುತ್ತಾನೆ ಎಂಬುದನ್ನು ಕಲಿಸಲು ಎರಡು ನಿಮಿಷ ಸಾಕಾಗಿತ್ತು. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದ ಭಾರತ ಅಂಧರ ಟಿ-20 ವಿಶ್ವಕಪ್ ಗೆದ್ದಿತು, ಅದೂ ಫೈನಲಿನಲ್ಲಿ ಪಾಕಿಸ್ತಾನದ ವಿರುದ್ಧ. ಭಾರತ–ಪಾಕ್ ಪಂದ್ಯವೆಂದರೆ ಬೀದಿಗಳು ಖಾಲಿಯಾಗುವ ನಾಡಿನಲ್ಲಿ ಅಂದು ಯಾವ ಬೀದಿಯೂ ಖಾಲಿಯಾಗಲಿಲ್ಲ.

2024ರ ಪ್ಯಾರಿಸ್‌ನಲ್ಲಿ ನಮ್ಮ ಒಲಿಂಪಿಕ್ಸ್ ತಂಡ ತಂದದ್ದು 6 ಪದಕ. ಪ್ಯಾರಾಲಿಂಪಿಕ್ಸ್ ತಂಡ ತಂದದ್ದು 29. ಈಗ ಮೊಬೈಲಿನಲ್ಲಾದರೂ ಈ ಆಟಗಳು ಸಿಗುತ್ತಿವೆ, ನಿಜ. ಆದರೆ ಹುಡುಕಿದವರಿಗೆ ಮಾತ್ರ. ಮನೆಮಂದಿಯೆಲ್ಲ ಕುಳಿತು ನೋಡುವ ಹೊತ್ತಿನಲ್ಲಿ ಅವು ತಾವಾಗಿ ಎದುರಾಗುವುದಿಲ್ಲ.

ಈ ಸಂಗತಿಯನ್ನು ರಂಗಂಪೇಟೆಯಲ್ಲಿ ಏಕೆ ಹೇಳಬೇಕು? ಮದುವೆಗೆ ಹೊರಡುವಾಗ ನಡೆಯಲಾಗದ ಮಗುವನ್ನು ಮನೆಯಲ್ಲೇ ಬಿಟ್ಟುಹೋಗುವ ಕುಟುಂಬಗಳು ನಮ್ಮಲ್ಲಿವೆ. ಇಲ್ಲಿಯ ಓಣಿಯೊಂದರಲ್ಲಿ ಊರುಗೋಲಿನ ಹುಡುಗನೊಬ್ಬನನ್ನು ಕಂಡೆ. ಕ್ರಿಕೆಟಿಗರ ರನ್ನುಗಳೆಲ್ಲ ಅವನಿಗೆ ಬಾಯಿಪಾಠ. ಓಣಿಯ ಪಂದ್ಯಕ್ಕೆ ಸ್ಕೋರ್ ಬರೆಯುವವನೂ ಅವನೇ. ಗಿರೀಶ ಯಾರೆಂದು ಕೇಳಿದೆ. ತಿಳಿಯದು ಎಂದ. ನಾನು ಹೇಳಿದ ಬಳಿಕ ಅವನು ಕೇಳಿದ್ದು ಒಂದೇ ಮಾತು: “ಕಾಲು ಹಂಗಿದ್ದರ ಹೆಂಗ ಜಿಗದರು, ಭಾಯ್?”

ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನೂ ಆ ಜಿಗಿತವನ್ನು ಕಂಡಿರಲಿಲ್ಲ. ಮುಂದಿನ ಪ್ಯಾರಾಲಿಂಪಿಕ್ಸ್ 2028ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ದೂರದರ್ಶನಕ್ಕೂ ನಮ್ಮ ಕನ್ನಡ ಚಾನೆಲ್‌ಗಳಿಗೂ ಈಗಲೇ ಪತ್ರ ಬರೆಯಿರಿ. ಸನ್ಮಾನ ಬೇಡ, ಸ್ಪರ್ಧೆ ತೋರಿಸಿ ಎಂದು ಬರೆಯಿರಿ.