ಕತ್ತಿ ಬಿಟ್ಟ ಕೈಗಳು

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕಂಚಿನ ಇಲಿ. ಕುಕ್ಕರಗಾಲಲ್ಲಿ ಕೂತು ಮುಂಗಾಲಲ್ಲಿ ತನ್ನ ಬಾಲವನ್ನೇ ಹಿಡಿದುಕೊಂಡಿದೆ. ಮೈಮೇಲಿನ ಕೂದಲನ್ನು ಎಳೆ ಎಳೆಯಾಗಿ ಉಳಿಯಲ್ಲಿ ಗೀರಿದ್ದಾರೆ. ಜಪಾನಿನ ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರವರೆಗೆ, ಇಂಥ ಪ್ರಾಣಿಶಿಲ್ಪಗಳು ಹಡಗು ತುಂಬಿ ಯುರೋಪು, ಅಮೆರಿಕಗಳಿಗೆ ಹೋದವು. ಪರದೇಶದ ಸಿರಿವಂತರ ಶೋಕೇಸಿಗೆಂದೇ ಮಾಡಿದ ಸರಕು, ಇದರಲ್ಲಿ ಕಲೆಯೆಲ್ಲಿ ಬಂತು ಎಂದು ಮೂಗು ಮುರಿಯುವವರಿದ್ದಾರೆ. ಸರಕು ಎಂಬುದು ನಿಜ. ಅಷ್ಟಕ್ಕೇ ಅದು ಕೀಳಾಯಿತು ಎಂಬ ವಾದ ಮಾತ್ರ ನಿಲ್ಲುವಂಥದ್ದಲ್ಲ.

1876ರಲ್ಲಿ ಸಮುರಾಯಿಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿ ಹೊರಗೆ ತಿರುಗುವುದನ್ನು ಅಲ್ಲಿನ ಸರ್ಕಾರ ನಿಷೇಧಿಸಿತು. ಕತ್ತಿಯ ಹಿಡಿಯ ಮೇಲೆ ಹಕ್ಕಿ, ಮಿಡತೆ ಕೆತ್ತಿ ಬದುಕುತ್ತಿದ್ದವರ ಅನ್ನಕ್ಕೆ ಕಲ್ಲು ಬಿತ್ತು. ಬೌದ್ಧ ದೇಗುಲಗಳಿಗೆ ಆಶ್ರಯ ತಪ್ಪಿ, ಗಂಟೆ, ವಿಗ್ರಹಗಳ ಎರಕದವರ ಕೆಲಸ ಮೊದಲೇ ಕುಗ್ಗಿತ್ತು. ಈ ಕೈಗಳಿಗೆ ಕೆಲಸ ಕೊಟ್ಟದ್ದು 1873ರ ವಿಯೆನ್ನಾ ಪ್ರದರ್ಶನದಿಂದ ಮುಂದಕ್ಕೆ ಬೆಳೆದ ವಿದೇಶಿ ಮಾರುಕಟ್ಟೆ. ಕತ್ತಿಯ ಕೆಲಸದ ಗುಟ್ಟುಗಳೂ ಅವರ ಜೊತೆಗೇ ಬಂದವು. ಶಕುದೊ ಎಂಬ ಮಿಶ್ರಲೋಹವನ್ನೇ ನೋಡಿ: ತಾಮ್ರಕ್ಕೆ ಚಿನ್ನ ಬೆರೆಸುವುದು ಹೊಳಪಿಗಲ್ಲ, ಕಪ್ಪಿಗೆ! ತುಸುವೇ ಚಿನ್ನ ಸೇರಿದ ತಾಮ್ರವನ್ನು ತಾಮ್ರದ ಉಪ್ಪುಗಳ ದ್ರಾವಣದಲ್ಲಿ ಕುದಿಸಿದರೆ ನೇರಳೆ ಹಣ್ಣಿನಂಥ ಕಡುಗಪ್ಪು ಮೂಡುತ್ತದೆ. ಲೋಹಶಿಲ್ಪಿ ಸುಜುಕಿ ಚೋಕಿಚಿ 1893ರ ಶಿಕಾಗೊ ಮೇಳಕ್ಕೆಂದು ಮಾಡಿದ ಹನ್ನೆರಡು ಗಿಡುಗಗಳಲ್ಲಿ ಬಣ್ಣವೆಲ್ಲ ಲೋಹದ್ದೇ. ಒಂದರ ಭಂಗಿ ಇನ್ನೊಂದಕ್ಕಿಲ್ಲ. ಅವೂ ವಿದೇಶಿಯರ ಕಣ್ಣಿಗೆಂದೇ ಆದವು.

ಕೊಳ್ಳುವವನ ರುಚಿಗೆ ಕಲಾವಿದ ಬಾಗಿದನಲ್ಲವೇ ಎಂದರೆ, ಸಮುರಾಯಿಯೂ ಗಿರಾಕಿಯೇ ಆಗಿದ್ದ, ದೇಗುಲವೂ ಗಿರಾಕಿಯೇ. ಎರಕದಲ್ಲಿ ಒಂದೇ ಮಾದರಿಯಿಂದ ಹತ್ತಾರು ಪ್ರತಿ ತೆಗೆಯಬಹುದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹಾಗೆ ತೆಗೆದ ಅಗ್ಗದ ಮಾಲು ಬೇಕಾದಷ್ಟಿದೆ, ಸುಳ್ಳು ಸಹಿ ಹಾಕಿದ್ದೂ ಇದೆ. ಆದರೆ ಮೇಣ ಕರಗಿಸುವ ಎರಕದಲ್ಲಿ ಮಣ್ಣಿನ ಅಚ್ಚನ್ನು ಒಡೆದೇ ಬೊಂಬೆ ತೆಗೆಯಬೇಕು. ಆಮೇಲೆ ಕೂದಲು, ಉಗುರು, ಕಣ್ಣಂಚುಗಳನ್ನು ತಿದ್ದುವುದೆಲ್ಲ ಉಳಿಯ ಕೆಲಸ. ಹಾಗಾಗಿ ಇವುಗಳಲ್ಲಿ ಸಹಿಗಿಂತ ಹೊಟ್ಟೆಯಡಿಯನ್ನು ನಂಬುವುದು ಮೇಲು. ಯಾರೂ ನೋಡದ ಆ ಜಾಗದಲ್ಲೂ ಉಳಿ ಆಡಿದ್ದರೆ ಕೆಲಸಗಾರ ಗಟ್ಟಿಗ.

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಜಪಾನಿನ ಕಂಚಿನ ಕೆಲಸಗಳಿವೆ. ಹೋದಾಗ ಅಲ್ಲಿನ ಹೆಸರಾಂತ ಗಡಿಯಾರದ ಮುಂದಿನ ಗುಂಪಿನಿಂದ ಬಿಡಿಸಿಕೊಂಡು ಆ ಕಡೆಗೂ ಒಮ್ಮೆ ಹೋಗಿಬನ್ನಿ.