ನಲವತ್ತು ಸಾವಿರದ ಗಾಡಿಗೆ ನಲವತ್ತೆಂಟು ಸಾವಿರದ ರಿಪೇರಿ

ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು, ಕೋಡ್ ಬರೆಯೋದು ನನ್ನ ಕೆಲಸ. ಇವತ್ತು ಮಾತಾಡೋದು ಮಾತ್ರ ಅಪ್ಪನ 2004ರ ಮಾರುತಿ ಎಸ್ಟೀಮ್ ಬಗ್ಗೆ. ಕೆಎ-25, ಧಾರವಾಡದ ಗಾಡಿ. ಹಿಂದಿನ ಸಾಲಲ್ಲಿ ಕೂತು ನಗ್ತಿರೋ ಮೂವರಿಗೆ ಈ ಕಥೆ ಬಾಯಿಪಾಠ. ಅವರ ಜೊತೆ ಪ್ರತಿ ಭಾನುವಾರ ನನ್ನದು ಇದೇ ಜಗಳ.

ಕಣ್ಣು ಮಂಜಾದ ಮೇಲೆ ಅಪ್ಪ ಗಾಡಿ ಓಡಿಸೋದು ಬಿಟ್ಟರು. "ತಮ್ಮಾ, ನಿಂತಲ್ಲೇ ನಿಂತ್ರ ಹಾಳಾಗ್ತದ, ನೀನ ಒಯ್ಯಿ" ಅಂದರು. ತಂದೆ, ಕೆಲವು ತಿಂಗಳು ಓಡಿಸಿದೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಎನ್‌ಒಸಿ ತಂದು ಇಲ್ಲಿಯ ನಂಬರ್ ಹಾಕಿಸಬೇಕು, ತೆರಿಗೆ ಕಟ್ಟಬೇಕು. ಅದಕ್ಕೇ ಏಪ್ರಿಲ್‌ನಲ್ಲಿ ವಾಪಸ್ ಹೊರಟೆ.

ಖಂಬಾಟ್ಕಿ ಘಾಟ್ ಏರುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗೋದನ್ನ ನೋಡಿದೆ. "ಘಾಟ್ ದಾಟಿ ನೋಡೋಣ" ಅಂದುಕೊಂಡೆ. ತಪ್ಪು ಅಲ್ಲೇ ಆಗಿದ್ದು. ರೇಡಿಯೇಟರ್‌ನ ಹೋಸ್ ಪೈಪ್ ಸೀಳಿತ್ತು, ಕೆಲವೇ ನೂರು ರೂಪಾಯಿಯ ರಬ್ಬರ್. ನೀರೆಲ್ಲ ಹೋದ ಮೇಲೂ ಎಂಜಿನ್ ಓಡಿಸಿದ್ದರಿಂದ ಅಲ್ಯೂಮಿನಿಯಂ ಹೆಡ್ ಬಾಗಿತು, ಗ್ಯಾಸ್ಕೆಟ್ ಹೋಯ್ತು. ಟೋಯಿಂಗ್, ಹೆಡ್ ಕೆಲಸ, ರೇಡಿಯೇಟರ್, ವಾಟರ್ ಪಂಪ್ ಎಲ್ಲ ಸೇರಿ ಮೆಕ್ಯಾನಿಕ್ ಹೇಳಿದ್ದು 48,000. ರಿಪೇರಿ ಆದ ಗಾಡಿಗೆ ಹಳೇ ಕಾರಿನ ವ್ಯಾಪಾರಿ ಹೇಳಿದ್ದು 40,000!

ಒಬ್ಬ ಗೆಳೆಯ "ಗುಜರಿಗೆ ಹಾಕು" ಅಂದ. ಲೆಕ್ಕ ಅವನದ್ದೇ ಸರಿ ಅಂತ ಎರಡು ದಿನ ನನಗೂ ಅನಿಸಿತ್ತು. ಆದರೆ ನಾವು ಹೋಲಿಸೋದು ತಪ್ಪು ಸಂಖ್ಯೆಗಳನ್ನ. ಗಾಡಿ ಮಾರಿದರೆ ಎಷ್ಟು ಬರುತ್ತೆ ಅನ್ನೋದು ಮಾರುವವನ ಪ್ರಶ್ನೆ. ಇಟ್ಟುಕೊಳ್ಳುವವನು ಕೇಳಬೇಕಾದ್ದು, ಅದೇ 48,000ಕ್ಕೆ ನನಗೆ ಬೇರೆ ಯಾವ ಗಾಡಿ ಸಿಗುತ್ತೆ ಅಂತ. ಸಿಗೋದು ಇನ್ಯಾರೋ ಘಾಟ್‌ನಲ್ಲಿ ಸುಟ್ಟ ಇನ್ನೊಂದು ಹಳೇ ಗಾಡಿ, ಅದರ ಚರಿತ್ರೆ ನಮಗೆ ಗೊತ್ತಿರಲ್ಲ. ಇನ್ನೊಬ್ಬ ಗೆಳೆಯ ಮೊಬೈಲ್ ತೋರಿಸಿ "ನೋಡು, ಎಸ್ಟೀಮ್‌ಗೆ ಒಂದೂವರೆ ಲಕ್ಷ ಕೇಳ್ತಿದಾರೆ" ಅಂದ. ಕೇಳೋದು ಬೇರೆ, ಕೊಡೋದು ಬೇರೆ ಮಾರಾಯಾ. ಆ ಜಾಹೀರಾತು ಆರು ತಿಂಗಳಿಂದ ಅಲ್ಲೇ ಇದೆ.

ಪಾರ್ಟ್ಸ್ ವಿಷಯದಲ್ಲಿ ಒಂದು ಮಜಾ ಇದೆ. ಎಸ್ಟೀಮ್ ನಿಂತಿದ್ದು 2007ರಲ್ಲಿ, ಆದರೆ ಅದೇ ವಂಶದ 1298 ಸಿಸಿ ಎಂಜಿನ್ ಜಿಪ್ಸಿಯಲ್ಲಿ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಂತು, ಸೇನೆಯೂ ಜಿಪ್ಸಿ ತಗೊಳ್ತಿತ್ತು. ಹಾಗಾಗಿ ಅಂಗಡಿಯಲ್ಲಿ "ಎಸ್ಟೀಮ್‌ದು ಇದೆಯಾ" ಅಂದರೆ ತಲೆ ಅಲ್ಲಾಡಿಸೋರು "ಜಿಪ್ಸಿದು" ಅಂದರೆ ಡಬ್ಬ ತೆಗೀತಾರೆ. ಹಳೇ ಪೀಸ್ ಕೈಯಲ್ಲೇ ಇಟ್ಕೊಂಡು ಹೋಲಿಸಿ ತಗೊಳ್ಳಿ, ಎಲ್ಲವೂ ಕೂರಲ್ಲ. ಎಂಜಿನ್ ಸಾಮಾನು ಸಿಗದೆ ಸಾಯೋ ಗಾಡಿ ಕಡಿಮೆ. ಸತಾಯಿಸೋದು ಬಾಗಿಲ ಬೀಡಿಂಗ್, ಗ್ಲಾಸು, ಲ್ಯಾಂಪು. ಅವುಗಳಿಗೆ ಮುಂಬೈನ ಕುರ್ಲಾ, ಚೆನ್ನೈನ ಪುದುಪೇಟೆ ಸುತ್ತಬೇಕು.

ನಾನು ಮಾಡಿಸೋ ಮುಂಚೆ ಗಾಡಿ ಎತ್ತಿಸಿ ಅಡಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ತಳ ಗಟ್ಟಿ ಇತ್ತು. ಚಾಸಿಸ್ ಭಾಗಕ್ಕೆ ತುಕ್ಕು ಹಿಡಿದಿದ್ದರೆ ನಾನೂ ಗುಜರಿಯವನಿಗೇ ಫೋನ್ ಮಾಡ್ತಿದ್ದೆ, ಸೆಂಟಿಮೆಂಟ್‌ಗೆ ವೆಲ್ಡಿಂಗ್ ಹಾಕೋಕೆ ಆಗಲ್ಲ.

ಹಣ ವಾಪಸ್ ಬರಲ್ಲ. ಹೆಂಡತಿಗೆ "ಇನ್ವೆಸ್ಟ್‌ಮೆಂಟ್" ಅಂತ ಹೇಳೋಕೆ ಹೋಗಿ ಬೈಸಿಕೊಂಡೆ, ಅವಳು ಹೇಳಿದ್ದೇ ಸರಿ. ಇದು ಖರ್ಚು. ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇದ್ದೇ ಇದೆ. 600 ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿತ್ತು, ಹಸಿರು ತೆರಿಗೆ ಬೇರೆ.

ಜೂನ್‌ನಲ್ಲಿ ಮತ್ತೆ ಅದೇ ಘಾಟ್ ಏರಿದೆ. ಈ ಸಲ ಎಲ್ಲ ಹೋಸ್ ಹೊಸವು. ಸಾತಾರಾದಲ್ಲಿ ಚಹಾಕ್ಕೆ ನಿಂತಾಗ ಅಪ್ಪನ ಫೋನ್: "ಮುಳ್ಳು ಎಲ್ಲಿ ಐತಿ?" "ನಡುವ ಐತ್ರಿ ಅಪ್ಪಾ." "ಹಂಗಾರ ಬಾ." ಧಾರವಾಡ ಮುಟ್ಟಿದಾಗ ಸಂಜೆ. ಅವರು ಡ್ರೈವರ್ ಸೀಟಲ್ಲಿ ಕೂತರು, ಸ್ಟಾರ್ಟ್ ಮಾಡಿಸಿಕೊಂಡು ಸ್ವಲ್ಪ ಹೊತ್ತು ಶಬ್ದ ಕೇಳಿದರು, ಇಳಿದರು. ಎಡಗಡೆ ಟೇಲ್ ಲ್ಯಾಂಪ್ ಒಡೆದಿರೋದನ್ನ ಕೈಯಾಡಿಸಿಯೇ ಪತ್ತೆ ಹಚ್ಚಿದರು.

ಅದು ಇನ್ನೂ ಸಿಕ್ಕಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಿದ್ದರೆ, ಮಾತು ಮುಗಿದ ಮೇಲೆ ದಯವಿಟ್ಟು ನನ್ನ ಹತ್ರ ಬನ್ನಿ.