ನೂರು ರೂಪಾಯಿ ಯೂರಿಯಾ, ನಾಲ್ಕು ಟನ್ ಅಜೋಲ್ಲಾ

ಅಜೋಲ್ಲಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹಸುವಿನ ಮೇವು. ಆದ್ರೆ ಚೀನಾ, ವಿಯೆಟ್ನಾಂ ರೈತರು ಈ ಪುಟ್ಟ ನೀರು ಜರೀಗಿಡವನ್ನು ಶತಮಾನಗಳಿಂದ ಭತ್ತದ ಗದ್ದೆಗೆ ಗೊಬ್ಬರವಾಗಿ ಬಳಸಿದ್ದಾರೆ.

ಇದರ ಎಲೆಯೊಳಗೆ ಸಣ್ಣ ಗೂಡುಗಳಿವೆ. ಅಲ್ಲಿ ಅನಾಬೀನಾ ಅನ್ನೋ ಸೂಕ್ಷ್ಮಜೀವಿ ವಾಸ ಮಾಡುತ್ತೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತೆ. ಅಜೋಲ್ಲಾವನ್ನು ಕೆಸರಿಗೆ ತುಳಿದರೆ ಅದು ಕೊಳೆತು, ಆ ಸಾರಜನಕ ಪೈರಿಗೆ ಸಿಗುತ್ತೆ.

ನಾನು ಬಿ.ಕಾಂ ಓದಿದವನು, ಲೆಕ್ಕ ಹಾಕದೆ ನಂಬಲ್ಲ. ಎಕರೆಗೆ ಒಂದು ಸಲ ಸುಮಾರು 4 ಟನ್ ಹಸಿ ಅಜೋಲ್ಲಾ ಬೆಳೆಯಿತು ಅಂದ್ಕೊಳ್ಳಿ. ಬಹುಪಾಲು ನೀರೇ. ಒಣಗಿದರೆ ಉಳಿಯೋದು 200 ಕೆ.ಜಿ. ಅದರಲ್ಲಿ ಸಾರಜನಕ ಶೇ. 4, ಅಂದ್ರೆ 8 ಕೆ.ಜಿ. ಇಷ್ಟೇ ಸಾರಜನಕ 17 ಕೆ.ಜಿ. ಯೂರಿಯಾದಲ್ಲೂ ಇದೆ. 45 ಕೆ.ಜಿ. ಚೀಲಕ್ಕೆ 266 ರೂಪಾಯಿ 50 ಪೈಸೆ. ಹಾಗಾದ್ರೆ 4 ಟನ್ ಅಜೋಲ್ಲಾದ ಬೆಲೆ ಬರೀ ನೂರು ರೂಪಾಯಿ!

ಅಗ್ಗದ ಯೂರಿಯಾ ಬಂದ ಮೇಲೆ ಚೀನಾದಲ್ಲೂ ಅಜೋಲ್ಲಾ ಹಿಂದೆ ಸರಿಯಿತು. ಆದ್ರೆ ಈ ನೂರು ರೂಪಾಯಿ ನಿಜವಾದ ಬೆಲೆ ಅಲ್ಲ. ಉಳಿದದ್ದನ್ನು ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತೆ, ಅದು ನಮ್ಮದೇ ತೆರಿಗೆ ದುಡ್ಡು. ಮುಂಗಾರಲ್ಲಿ ಯೂರಿಯಾ ಸಿಗದೆ ಸೊಸೈಟಿ ಮುಂದೆ ಕ್ಯೂ ನಿಂತ ದಿನದ ಕೂಲಿನೂ ಈ ಲೆಕ್ಕದಲ್ಲಿಲ್ಲ. ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ, ಅದೂ ಇಲ್ಲ. ನೀರಿನ ಮೇಲೆ ಅಜೋಲ್ಲಾ ಹೊದಿಕೆ ಇದ್ದರೆ ಆ ನಷ್ಟ ತಗ್ಗುತ್ತೆ, ಕಳೆಯೂ ಕಡಿಮೆ.

ಹಾಗಂತ ಯೂರಿಯಾ ಪೂರ್ತಿ ಬಿಡಿ ಅಂತ ಹೇಳ್ತಿಲ್ಲ. ನೀರಾವರಿ ಭತ್ತಕ್ಕೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ ಬೇಕು. ಅಜೋಲ್ಲಾ ಒಂದು ಸಲಕ್ಕೆ ಕೊಡೋದು ಅದರ ಐದನೇ ಒಂದು ಭಾಗ. ಜೊತೆಗೆ ಗದ್ದೆಯಲ್ಲಿ ನೀರು ನಿಲ್ಲಲೇಬೇಕು, ರಂಜಕ ಸಾಕಷ್ಟಿರಬೇಕು, ಬಿಸಿಲು ತೀರಾ ಜೋರಾದ್ರೆ ಅದು ಸೊರಗುತ್ತೆ.

ಮನೆಯಲ್ಲಿ ಗದ್ದೆ ಇದ್ಯಾ? ಒಂದೇ ಗುಂಟೆಯಲ್ಲಿ ನೋಡಿ. ನಾಟಿಯಾಗಿ ಒಂದು ವಾರಕ್ಕೆ 5 ಕೆ.ಜಿ. ಅಜೋಲ್ಲಾ ಬಿಡಿ. ಹವಾಮಾನ ಒಗ್ಗಿದರೆ ನಾಲ್ಕೈದು ದಿನಕ್ಕೊಮ್ಮೆ ದುಪ್ಪಟ್ಟಾಗಿ, ಸುಮಾರು ಮೂರು ವಾರದಲ್ಲಿ ನೀರು ಮುಚ್ಚುತ್ತೆ. ಕಳೆ ತೆಗೆಯುವಾಗ ಅದನ್ನೂ ಕೆಸರಿಗೆ ತುಳಿಯಿರಿ. ಆ ಗುಂಟೆಗೆ ಮೇಲುಗೊಬ್ಬರ ಸ್ವಲ್ಪ ಕಡಿಮೆ ಹಾಕಿ, ಕೊಯ್ಲಿನಲ್ಲಿ ಪಕ್ಕದ ಗುಂಟೆಯ ಜೊತೆ ತೂಗಿ ನೋಡಿ. ಬಂದ ತೂಕ ನನಗೂ ತಿಳಿಸಿ.